ಪಗಾರಕ್ಕ ಬಿದ್ದಾಕಿ

ನಾನು ಕಂಪನಿಯ ಪ್ರಾಂಪ್ಟರ್. ವಿಂಗಿನ ಕತ್ತಲದಾಗ
ಕಂದೀಲ ಸಣ್ಣ ಮಾಡಿ, ಹಾಳಿ ತಿರುವುತ್ತ
ಇಪ್ಪತ್ತಾರು ವರ್ಷ ಆಕಿಗೆ ಮಾತು ಕೊಟ್ಟೆ.
ಒಂದನ್ನೂ ಆಕಿ ತಗೊಳ್ಳಲಿಲ್ಲ.

ಅಂಬಕ್ಕ ಕೆರೂರ. ಬಂದಾಗ ಹದಿನೇಳು,
ರಾಣಿ ಪಾರ್ಟಿಗೆ ಅಂತ ಕರೆತಂದಿದ್ರು.
ಇಳಕಲ್ಲದಾಗ ಮೊದಲನೇ ರಾತ್ರಿ
ಜರಿಸೀರಿ ನಿರಿಗಿ ಕಾಲಿಗೆ ತೊಡಕಿ
ಸಿಂಹಾಸನ ಸಮೇತ ಉರುಳಿದ್ಲು.
(ಸಿಂಹಾಸನ ಅಂದ್ರ ಎರಡು ಚಿಮಣಿ ಎಣ್ಣಿ ಡಬ್ಬಿ,
ಮ್ಯಾಲೊಂದು ಮಕಮಲ್ಲು.)
ನಾನು ಕೊಟ್ಟದ್ದು:
"ಪ್ರಾಣಕಾಂತ, ನಿಮ್ಮ ವಿಯೋಗವನ್ನು ಹೇಗೆ ಸಹಿಸಲಿ!"
ಆಕಿ ಕುಂತಲ್ಲೇ ಡಬ್ಬಿ ತಟ್ಟಿ ಅಂದದ್ದು:
"ಮಹಾರಾಜರ, ನಿಮ್ಮ ರಾಜ್ಯ ಭಾಳ ಅಳ್ಳಾಡತೈತಿ,
ಒಂದು ಮೊಳಿ ಹೊಡಸ್ರಿ."

ಮಾಲಕರು ಚಪ್ಪಲಿ ಕೈಗೆ ತಗೊಂಡ್ರು.
ಗಲ್ಲಾ ಎಣಿಸಿ ಕೆಳಗಿಟ್ರು.
ಮರುದಿನ ಡಬ್ಬಿ ತಾವಾ ಸಡಲ ಮಾಡಿಟ್ರು.

ಅಲ್ಲಿಂದ ಬಿದ್ದದ್ದೇ ಬಿದ್ದದ್ದು.
ಬಾವಿಗೆ, ಬಂಡಿಯಿಂದ, ಅತ್ತಿ ಕಾಲಿಗೆ,
ಜಮಖಂಡಿಯೊಳಗ ಒಮ್ಮೆ ಪೇಟಿ ಮಾಸ್ತರ ಮ್ಯಾಲ.
ಪೋಸ್ಟರಿನಾಗ ನಾಯಕಿಯರ ಹೆಸರು ವರ್ಷಕ್ಕೊಂದು,
ಆಕಿದು ಮಾತ್ರ ಕೆಳಗ, ಅದೇ ಜಾಗ: ಕು. ಅಂಬಕ್ಕ ಕೆರೂರ.
ಮದುವಿ ಆತು. ಗಂಡ ತೀರಿದ. ಮಗಳು ಬಾಣಂತನಕ್ಕ ಬಂದ್ಲು.
ಆ 'ಕು.' ಹಂಗ ಉಳೀತು.
"ಇರಲಿ ಬಿಡೋ, ತೆಗಸಾಕ ಮತ್ತ ರೊಕ್ಕ ಕೇಳ್ತಾರ."

ಮೇಮಸಾಬ ಪಾರ್ಟು ನೋಡಬೇಕಿತ್ತು ನೀವು.
ಹರಕ ಪರದೆಯ ಫ್ರಾಕು, ಬೆನ್ನಿಗೆ ಅರ್ಧ ಅರಮನಿ,
ಹೊಟ್ಟಿ ಮ್ಯಾಲೊಂದು ಕಾರಂಜಿ.
ರೊಟ್ಟಿ ಬುಟ್ಟಿ ಡಬ್ಬ ಹಾಕಿದ್ರ ಹ್ಯಾಟು.
ಬಾಯಿ ತುಂಬ, ಯಾವ ದೇಶದಾಗೂ ಇಲ್ಲದ ಇಂಗ್ಲಿಷು.

ಬಾದಾಮಿ ಕ್ಯಾಂಪಿನಾಗ ಒಂದು ರಾತ್ರಿ
ಗುಹೆ ನೋಡಾಕ ಬಂದ ಬಿಳೇ ಮುದುಕಿಯೊಬ್ಬಾಕಿ
ಮುಂದಿನ ಕುರ್ಚಿಗೇ ಬಂದು ಕುಂತ್ಲು.
ನಮಗೆಲ್ಲ ಬೆವರು. ಆಕಿ ನಗಲಿಲ್ಲ.
ಮುಂದ ಬಗ್ಗಿ, ತುಟಿ ಕಚ್ಚಿ, ಅಂಬಕ್ಕನ ಕಾಲು ನೋಡಿದ್ಲು,
ಅಕ್ಕಸಾಲಿಗ ಇನ್ನೊಬ್ಬ ಅಕ್ಕಸಾಲಿಗನ ಕೈ ನೋಡಿದಂಗ.

ಆಟ ಮುಗಿದ ಮ್ಯಾಲ ಒಳಗ ಬಂದ್ಲು.
ಗೈಡ್ ಹೇಳಿದ: ಲಂಡನ್ ಕಡೆಯವರು,
ಇವರೂ ಅಲ್ಲಿ ನಾಟಕದಾಗ ನಗಸಾವರಂತ, ನಲವತ್ತು ವರ್ಷ.
ಅಷ್ಟು ಹೇಳಿ ಬೀಡಿ ಸೇದಾಕ ಹೋದ.
ನಡುವ ಒಂದು ಟ್ರಂಕು, ಒಂದು ಒಡಕ ಕನ್ನಡಿ.
ಬಿಳೇ ಮುದುಕಿ ಲಂಗ ಎತ್ತಿ ಮೊಣಕಾಲು ತೋರಿಸಿದ್ಲು:
ನೀಲಿ ಗಂಟು, ಹೊಲಿಗಿ ಗುರುತು.
ಅಂಬಕ್ಕ ಅರಮನಿ ಎತ್ತಿದ್ಲು:
ದಡ್ಡುಗಟ್ಟಿದ ತೊಗಲು, ಬಲಕ್ಕ ಮೊಳಿ ಕಚ್ಚಿದ ಕಲಿ.
ಬೆರಳ ಮ್ಯಾಲ ಎಣಿಸಿದ್ರು, ಗುದ್ದಾಡಿದ್ರು,
ಯಾರದು ಹೆಚ್ಚು ಅನ್ನೂದು ತೀರಲಿಲ್ಲ.
ಆಮ್ಯಾಲ ಇಬ್ಬರೂ ನಕ್ಕ ನಗಿ ಐತಲ್ಲ,
ಅದಕ್ಕ ಟಿಕೆಟ್ ಇಟ್ಟಿದ್ರ ಕಂಪನಿ ಇನ್ನೂ ಇರತಿತ್ತು.
ನಾನು ಪುಸ್ತಕ ಹಿಡಕೊಂಡು ನಿಂತಿದ್ದೆ.
ಕೊಡಾಕ ಒಂದು ಮಾತೂ ಇರಲಿಲ್ಲ.

ಕಂಪನಿ ಮುಚ್ಚಿದ್ದು ದೊಡ್ಡ ಸುದ್ದಿ ಅಲ್ಲ.
ತಗಡು ತೂಕಕ್ಕ ಹೋತು.
ಅರಮನಿ ಯಾರದೋ ಶೇಂಗಾ ರಾಶಿಗೆ ಹೊದಿಕಿ ಆತು.

ಮೊನ್ನೆ ನವನಗರದ ದವಾಖಾನಿ.
ಹುಡುಗ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು
"ಅಜ್ಜಿ, ಎಂದರ ಬಿದ್ದಿದ್ರೇನು?"
"ಪಗಾರಕ್ಕೋ, ಪುಕ್ಕಟನೋ?"
ನರ್ಸು ನಕ್ಕು ಟ್ರೇ ಕೆಡವಿದ್ಲು.
ಅಂಬಕ್ಕ ಆ ಸಪ್ಪಳಕ್ಕ ಕಿವಿಗೊಟ್ಟು
"ತುಸು ಲಗೂ ಆತವ್ವಾ," ಅಂದ್ಲು,
"ನಂದಿನ್ನೂ ಮಾತು ಮುಗಿದಿರಲಿಲ್ಲ."

ಹೊರಗ ಚೀಟಿ ಬರೆಯಾಕಿ ಹೆಸರು ಕೇಳಿದ್ಲು.
ಅಂಬಕ್ಕ ಬಾಯಿ ತೆರೆದ್ಲು. ನಿಂತ್ಲು.
ನನ್ನ ಕಡೆ ನೋಡಿದ್ಲು, ವಿಂಗಿನ ಕಡೆ ನೋಡೂ ನೋಟ.
ರಾಜರು ನೋಡಿದ್ರು, ಖಳನಾಯಕರು ನೋಡಿದ್ರು,
ಆಕಿ ಮಾತ್ರ ಎಂದೂ ನೋಡಿರಲಿಲ್ಲ.
ನನ್ನ ಎದಿ ಧಸಕ್ಕಂತು. ಮೆಲ್ಲಕ ಕೊಟ್ಟೆ:
"ಕುಮಾರಿ ಅಂಬಕ್ಕ ಕೆರೂರ."
ಒಂದಕ್ಷರ ಬಿಡದಂಗ ಅಂದ್ಲು.
'ಕುಮಾರಿ' ಅಂದಕೂಡಲೇ ಹುಡುಗಿ ತಲಿ ಎತ್ತಿದ್ಲು,
ಸಾಲಿನಾಗ ನಿಂತ ಮಂದೆಲ್ಲ ಘೊಳ್ಳಂತು.

ಮರೆತಿದ್ಲೋ, ಜಾಗ ನೋಡಿ ತಡೆದಿದ್ಲೋ.
ಆಟೋದಾಗ ಕೇಳೇ ಬಿಟ್ಟೆ.
ಕಿಟಕಿ ಇಲ್ಲದ ಕಡೆ ಹೊರಗ ನೋಡುತ್ತ ಅಂದ್ಲು:
"ಸುಮ್ಮನಿರೋ ಯಮನೂರ್ಯಾ.
ಇಷ್ಟು ವರ್ಷದಾಗ ಇದೊಂದು ಛಲೋ ಮಾತು ಕೊಟ್ಟಿ."