ಎರಡು ಪಾಲಿನ ಹಲಗೆ

ರಫೀಕಾ, ನೀನು ಕೇಳಿದ್ದು ಮೂರೇ ಪ್ರಶ್ನೆ:
ಯಾವ ಮರ, ಯಾವ ಅಂಟು, ಯಾವ ಪಾಲಿಶು.
ಸಬ್‌ಸ್ಟೇಷನ್ ಗೇಟಿನಲ್ಲಿ ನಿಂತು ಹೇಳಿ ಮುಗಿಯುವಂಥದ್ದಲ್ಲ,
ಬಿಲ್ಲಿನ ಸುರುಳಿಯ ಹಿಂಬದಿಗೆ ಬರೆದಿದ್ದೇನೆ.
ಬಿಚ್ಚುತ್ತಾ ಓದಿಕೋ.

ಮೀಟರ್ ಓದುವವನು ನಾನು, ಮರಗೆಲಸದವನಲ್ಲ.
ಆದರೂ ಇಪ್ಪತ್ತೆರಡು ವರ್ಷ ಹೊಸನಗರದ
ಬಾಗಿಲುಗಳ ಮುಂದೆ ನಿಂತವನು.
ಯಾರ ಬಾಗಿಲು ಆಷಾಢದಲ್ಲಿ ಉಬ್ಬಿ ಹೊಸಿಲು ಕಚ್ಚುತ್ತದೆ,
ಯಾರದು ಶಿವರಾತ್ರಿಗೆ ಬೆಳಕು ಸೋರುವಷ್ಟು ಸೊರಗುತ್ತದೆ,
ಎಲ್ಲ ಗೊತ್ತು.
ಮರ ಸತ್ತ ಮೇಲೂ ನೀರು ಕುಡಿಯುತ್ತದೆ.
ಇದೊಂದು ನೆನಪಿದ್ದರೆ ಅರ್ಧ ಕೆಲಸ ಆದಂತೆ.

ತೇಗದ ಆಸೆ ಬಿಡು, ಮೊದಲ ಶೆಲ್ಫಿಗೆ ಯಾಕೆ ಅಷ್ಟು ದುಡ್ಡು?
ಬೀಟೆಯ ಹೆಸರೆತ್ತಬೇಡ, ಫಾರೆಸ್ಟಿನವರ ಕಿವಿ ಉದ್ದ.
ಮತ್ತಿ ಗಟ್ಟಿ, ನಿಜ; ನಿನ್ನ ಹೊಸ ಉಳಿಯ ಬಾಯಿ ಹೋದೀತು.
ಅಕೇಶಿಯಾ ಅಗ್ಗ; ಹಸಿಯದು ತಂದರೆ
ವಾರದೊಳಗೆ ಹಾವಿನಂತೆ ತಿರುಚಿಕೊಳ್ಳುತ್ತದೆ.
ಹಲಸು ತಗೋ.
ಕುಯ್ದಾಗ ಅರಿಸಿನ, ಬೆಳಕು ಕಂಡಂತೆ ಜೇನು,
ತೋಪಡದ ಮಾತು ಕೇಳುತ್ತದೆ.
ಲೋಬೋ ಸಾಮಿಲ್ಲಿನಲ್ಲಿ ಹಲಗೆಯ ತುದಿ ನೋಡು:
ಬಿಳಿಯಂಚು ಹುಳದ ಪಾಲು, ಚೇಗು ನಿನ್ನ ಪಾಲು.
ಗೆಣ್ಣಿನಿಂದ ಬಡಿ. ಹಸಿ ಮರ ಗೊಣಗುತ್ತದೆ,
ಒಣಗಿದ್ದು ಉತ್ತರ ಕೊಡುತ್ತದೆ.
ತಂದು, ನಡುನಡುವೆ ಪಟ್ಟಿ ಕೊಟ್ಟು, ಮಂಚದ ಕೆಳಗೆ ಪೇರಿಸು.
ಒಂದು ತಿಂಗಳು.
ಮುಟ್ಟಬೇಡ.

ಅಂಟಿಗೆ, ನನ್ನ ಮೊದಲ ಸ್ಟೂಲಿನ ಕತೆ.
ಡಬ್ಬಿ ಫೆವಿಕಾಲ್ ಸುರಿದಿದ್ದೆ, ಸಂದು ಕೂಡದಲ್ಲಿ
ಗರಗಸದ ಹೊಟ್ಟು ಕಲಸಿ ಮೆತ್ತಿದ್ದೆ.
ನಾಮಕರಣದ ದಿನ ಷಡ್ಡಕ ಅದರ ಮೇಲೆ ಕೂತರು.
ಮಗುವಿನ ಹೆಸರು ಯಾರಿಗೂ ಕೇಳಿಸಲಿಲ್ಲ.
ಮುರಿದ ಕಾಲು ಹಿಡಿದು ತಿಪ್ಪೇಶಾಚಾರ್ರು ಅಂದದ್ದು:
"ಅಂಟು ಸೇತುವೆ ಅಲ್ಲ ಮಾರಾಯ. ಮರ ಮರವನ್ನ ಮುಟ್ಟಬೇಕು,
ಇದು ಬರೀ ಸಾಕ್ಷಿ."
ಹಾಗಾಗಿ, ಎರಡು ಅಂಚು ಕೂಡಿಸಿ ಕಿಟಕಿಗೆ ಹಿಡಿ,
ಬೆಳಕು ನುಸುಳಿದರೆ ಮತ್ತೆ ತೋಪಡ.
ಕಾವಲಿಗೆ ಎಣ್ಣೆ ಸವರಿದಷ್ಟೇ ಸವರು.
ಬಿಗಿ ಕೊಟ್ಟಾಗ ಸಾಸಿವೆಯಂಥ ಹನಿ ಸಾಲಾಗಿ ಮೂಡಿದರೆ ಸರಿ.
ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸು;
ಉಳಿದ ಅಂಟು ಮುಂದೆ ಪಾಲಿಶು ಕುಡಿಯಗೊಡುವುದಿಲ್ಲ.

ನೀನು ಕೇಳದ್ದೂ ಒಂದಿದೆ.
ನಮಗೂ ಪಕ್ಕದ ಫಿಲೋಮಿನಾ ಟೀಚರಿಗೂ
ಬೇಲಿಯಲ್ಲಿ ಒಂದೇ ಹಲಸು.
ತಂತಿಗೆ ತಾಗುತ್ತದೆಂದು ಕಡಿಸಿದವನು ನಾನೇ.
ದಿಮ್ಮಿ ಎರಡು ಪಾಲಾಯಿತು, ಮಾತು ಪೂರ್ತಿ ನಿಂತಿತು.
ನಾಲ್ಕು ವರ್ಷ ಅವರ ಮೀಟರನ್ನು
ಅವರು ಶಾಲೆಗೆ ಹೋದ ಹೊತ್ತಿಗೆ ಓದಿದೆ.
ಆಮೇಲೆ ಮೇಜಿಗೆ ಒಂದು ಹಲಗೆ ಕಮ್ಮಿ ಬಿತ್ತು,
ಐದೂವರೆ ಇಂಚು.
ಬೇರೆ ಹಲಸು ತಂದು ಇಟ್ಟು ನೋಡಿದೆ, ಒಪ್ಪಲಿಲ್ಲ.
ಹೋಗಿ ಕೇಳಿದೆ.
ಬಚ್ಚಲ ಅಟ್ಟದಿಂದ ಹೊಗೆ ಹಿಡಿದ ಹಲಗೆ ಇಳಿಸಿ
ಟೀಚರು ಹೇಳಿದ್ದು ಇಷ್ಟು:
"ಬಿಲ್ಲು ಜಾಸ್ತಿ ಬಂದಿದೆ, ನೋಡಿ."

ತುದಿಯ ಬಳೆಗಳು ಒಂದರಲ್ಲಿ ಮೇಲಕ್ಕೆ,
ಮುಂದಿನದರಲ್ಲಿ ಕೆಳಕ್ಕೆ, ಹಾಗೆ ಜೋಡಿಸು.
ಒಂದು ಬಾಗಿದತ್ತ ಇನ್ನೊಂದು ಬಾಗುವುದಿಲ್ಲ,
ಮೇಜು ಹೇಗೋ ಸಮ ನಿಲ್ಲುತ್ತದೆ.
ಅವರ ಹಲಗೆ ಈಗಲೂ ತುಸು ಕಪ್ಪು.
ಬಣ್ಣ ಹಚ್ಚಿ ಒಂದು ಮಾಡಬಹುದಿತ್ತು.
ಮಾಡಲಿಲ್ಲ.

ಉಪ್ಪುಕಾಗದ ಎಂಬತ್ತು, ನೂರೈವತ್ತು, ಇನ್ನೂರಿಪ್ಪತ್ತು.
ಮೆಟ್ಟಿಲು ಹಾರಬೇಡ. ಎಳೆಯ ಉದ್ದಕ್ಕೇ ಉಜ್ಜು.
ಒಮ್ಮೆ ಒದ್ದೆ ಬಟ್ಟೆ ಎಳೆದರೆ ರೋಮ ಏಳುತ್ತದೆ,
ಒಣಗಿದ ಮೇಲೆ ಮತ್ತೆ ಉಜ್ಜು.
ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಹಚ್ಚುವುದಾದರೆ
ಮೋಡದ ದಿನ ಬೇಡ, ವಿಭೂತಿ ಬಳಿದಂತಾಗುತ್ತದೆ.
ಕಾಫಿ ಲೋಟ ಇಡುವ ಮೇಜಿಗೆ ಅರಗೇ ಬೇಡ:
ಅಗಸೆ ಎಣ್ಣೆ, ಮೂರು ಸಲ, ಪ್ರತಿ ಸಲ ಒರೆಸಿ.

ಕೊನೆಯದು, ಮರೆಯಬೇಡ:
ಎಣ್ಣೆ ಬಟ್ಟೆ ಮುದ್ದೆ ಮಾಡಿ ಮೂಲೆಗೆಸೆದರೆ
ಒಳಗೊಳಗೇ ಕಾವು ಕಟ್ಟಿ ತಾನಾಗಿ ಹೊತ್ತಿಕೊಳ್ಳುತ್ತದೆ.
ಬಿಡಿಸಿ ಬೇಲಿಯ ಮೇಲೆ ಹರವು.
ನಾನು ಹರವುತ್ತಿದ್ದಾಗ ಆಚೆಯಿಂದ ಟೀಚರು ಕೇಳಿದರು,
"ಮೇಜು ಒಣಗಿತಾ?"
ಹೂಂ ಅಂದೆ.
ಒಣಗಿರಲಿಲ್ಲ.