ಇಂಪೆಲ್ಲರ್ ಒಳಗಿಲ್ಲ

ಪುಸ್ತಕದ ಎಂಟನೇ ಅಧ್ಯಾಯ: ಚಳಿಗಾಲದ ದಾಸ್ತಾನು.
ನೀರು ಹೆಪ್ಪುಗಟ್ಟಿ ಬ್ಲಾಕು ಬಿರಿಯದಂತೆ
ಏನೇನು ಮಾಡಬೇಕೆಂದು ಚಿತ್ರ ಸಮೇತ ಬರೆದಿದ್ದಾರೆ
ಮಂಜಿನ ದೇಶದಲ್ಲಿ ಕೂತು ಯಾರೋ ಪುಣ್ಯಾತ್ಮರು.
ಪುಟದ ಮೇಲೆ ನನ್ನ ಬೆವರು ತೊಟ್ಟಿಕ್ಕುತ್ತಿದೆ.
ಉಮ್ಮ್ ಅಲ್ ಕುವೈನ್, ಖೋರಿನ ದಡ, ಜೂನ್ ಎರಡು.
ಬೆಳಗಿನ ಆರೂವರೆಗೇ ಸ್ಪಾನರು ಕೈ ಸುಡುತ್ತದೆ.

ಖಲ್ಫಾನ್ ಸಾಹೇಬರಿಗೆ ಮೊಣಕಾಲಿನ ಆಪರೇಷನ್ನು.
ಅಕ್ಟೋಬರಿನ ತನಕ ದೋಣಿ ಮರದ ದಿಮ್ಮಿಗಳ ಮೇಲೆ.
‘ಚಳಿಗಾಲದ್ದೇ ಮಾಡಿಬಿಡು,’ ಅಂದರು,
‘ಬೇಸಿಗೆ ಅಂತ ಒಂದಿದೆ ಅನ್ನುವುದು ಅವರಿಗೆ ಗೊತ್ತೇ ಇಲ್ಲ.’

ಮಲಗಿಸುವ ಮುಂಚೆ ಒಮ್ಮೆ ಎಬ್ಬಿಸಬೇಕು.
ಬಕೆಟ್ಟಿನ ಸಿಹಿನೀರು ಹೀರುತ್ತ ಓಡಿತು ಎಂಜಿನ್ನು.
ಹಿಂದಿನ ಕೊಳವೆಯಿಂದ ಬಂದದ್ದನ್ನು
ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟೆ:
ಉಪ್ಪು.
ಇನ್ನೊಂದು ಬಕೆಟ್ಟು. ಉಪ್ಪು. ಇನ್ನೊಂದು.
ಆರನೆಯದಕ್ಕೆ ಬರೀ ಡೀಸೆಲಿನ ರುಚಿ.

ಗಂಗೊಳ್ಳಿಯ ಬಚ್ಚ ಮೇಸ್ತ್ರಿಗೆ
ಎಡಗೈಯ ತೋರುಬೆರಳು ಅರ್ಧವೇ ಇತ್ತು,
ಉಳಿದರ್ಧ ಒಂದು ಫ್ಯಾನ್ ಬೆಲ್ಟು ತಿಂದಿತ್ತು.
ಆ ಮೋಟುಬೆರಳಲ್ಲೇ ಎಲ್ಲ ತೋರಿಸುತ್ತಿದ್ದ:
‘ಉಪ್ಪ್ ಸುಮ್ನೆ ಕೂಕಂತಿಲ್ಲೆ ಮಾಣಿ,
ನೀ ಮನಿಕಂಡಾಗ್ಳೂ ತಿಂತಾ ಇರತ್ತ್.’
ಎಣ್ಣೆ ಬಿಸಿಯಿದ್ದಾಗಲೇ ಇಳಿಸಬೇಕು,
ತಣಿದರೆ ಕೊಳೆ ತಳದಲ್ಲೇ ಕಚ್ಚಿಕೊಳ್ಳುತ್ತದೆ,
ಜಗಳವೂ ಹಾಗೆಯೇ, ಅನ್ನುತ್ತಿದ್ದ.
ಸ್ವಂತ ಅಣ್ಣನ ಜತೆ ಹದಿನೆಂಟು ವರ್ಷ ಮಾತು ಬಿಟ್ಟಿದ್ದ.

ಇವತ್ತು ಅಲ್ಲಿಯೂ ಬಂದರಿನ ತುಂಬ ದೋಣಿ,
ಮಳೆಗಾಲದ ಅರವತ್ತೊಂದು ದಿನ
ಒಂದರ ಮೈಗೊಂದು ಒತ್ತಿಕೊಂಡು, ಹಗ್ಗ ಕಿರುಗುಟ್ಟಿಸುತ್ತ.
ಇಲ್ಲಿ ಇದೊಂದೇ. ಪಕ್ಕದಲ್ಲಿ ಒಂದು ಬೆಕ್ಕು.

ಸತುವಿನ ಕಡ್ಡಿ ಬಿಚ್ಚಿದೆ. ಸುಣ್ಣದ ಚೂರಿನಂತೆ ಉದುರಿತು.
ಉಳಿದ ಲೋಹ ಉಳಿಯಲೆಂದು ತಾನು ಸವೆಯುವ ಕಡ್ಡಿ.
ಇದರ ಬಗ್ಗೆ ದೊಡ್ಡ ಮಾತು ಹೇಳಬಹುದು. ಹೇಳುವುದಿಲ್ಲ.
ಹನ್ನೊಂದು ದಿರ್ಹಮ್. ಹೊಸದು ಹಾಕಿದೆ.

ಟ್ಯಾಂಕಿಗೆ ಕತ್ತಿನ ತನಕ ಡೀಸೆಲು ಸುರಿದ ಮೊಫಿಜುಲ್.
ಓಡಿಸದ ದೋಣಿಗೆ ಇಷ್ಟೇಕೆ, ಅವನ ಪ್ರಶ್ನೆ.
ಖಾಲಿ ಬಿಟ್ಟರೆ ಒಳಗಿನ ಗಾಳಿ ಬೆವರುತ್ತದೆ ಮಾರಾಯ,
ನಿನ್ನ ಹಾಗೆ, ನನ್ನ ಹಾಗೆ.
ನಕ್ಕ. ಬ್ಯಾಟರಿ ಹೆಗಲಿಗೇರಿಸಿ ನೆರಳಿಗೆ ಹೋದ.

ಕೊನೆಗೆ ಪಂಪಿನ ಹೊಟ್ಟೆಯಿಂದ ಇಂಪೆಲ್ಲರ್,
ಆರೆಸಳಿನ ಕರಿ ರಬ್ಬರು.
ವರ್ಷವಿಡೀ ಒಂದೇ ಕಡೆ ತಿರುಗಿ
ಎಸಳುಗಳೆಲ್ಲ ಒಂದೇ ಕಡೆ ಬಾಗಿದ್ದವು.
ಸೋಪಿನಲ್ಲಿ ತೊಳೆದು ಒರೆಸಿದೆ.
ಕೊಳವೆಯ ಬಾಯಿಗೆ ಎಣ್ಣೆಬಟ್ಟೆ ತುರುಕಿ,
ಬೆಲ್ಟು ಸಡಿಲಿಸಿ,
ಕೀಲಿಕೈಗೆ ರಟ್ಟಿನ ಚೀಟಿ ಕಟ್ಟಿದೆ.
ಇಂಗ್ಲಿಷಿನಲ್ಲಿ ಬರೆದೆ. ಕೆಳಗೆ ಅರಬ್ಬಿ, ಅಂಗಡಿಯವನಿಂದ ಬರೆಸಿ.
ಅದರ ಕೆಳಗೆ, ಯಾರಿಗೋ ಏನೋ, ಕನ್ನಡದಲ್ಲಿ:
ಇಂಪೆಲ್ಲರ್ ಒಳಗಿಲ್ಲ. ಚಾಲೂ ಮಾಡಬೇಡಿ.
ಕೀಲಿಯ ಹತ್ತಿರವೇ ನೇತುಹಾಕಿದೆ, ನೋಡಿ.

ಅಕ್ಟೋಬರಿನಲ್ಲಿ ಇದನ್ನು ಓದುವವನು ನಾನೇ ಆಗಿದ್ದರೆ
ವೀಸಾ ನವೀಕರಣವಾಗಿದೆ ಎಂದರ್ಥ.

ರಾತ್ರಿ ಕೋಣೆಯಲ್ಲಿ ಅಂಗಿ ಬಿಚ್ಚುವಾಗ
ಜೇಬಿನಲ್ಲಿ ಏನೋ ಮೆತ್ತಗೆ ಸಿಕ್ಕಿತು.
ನೇತುಹಾಕಿಯೇ ಇರಲಿಲ್ಲ.
ಏಸಿಯ ಕೆಳಗೆ ಕಿಟಕಿಕಟ್ಟೆಯ ಮೇಲಿಟ್ಟು ನೋಡಿದೆ:
ಐದು ಎಸಳು ಆಗಲೇ ನೆಟ್ಟಗಾಗಿದ್ದವು.
ಒಂದು ಇನ್ನೂ ತಿರುಗುವ ಕಡೆಗೇ ಬಾಗಿತ್ತು.
ಬೆರಳಲ್ಲಿ ನೇವರಿಸಿದೆ, ಹಾಗೆಯೇ ಮರಳಿತು.

ಬೆಳಿಗ್ಗೆ ಮರೆಯದೆ ಒಯ್ಯಬೇಕು.