ಕಾಗೆಬಂಗಾರ

ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ
ಒಟ್ಟು ಹನ್ನೊಂದು.
ರಜೆಯ ದಿನ, ಕೋಣೆಯವರು ಏಳುವ ಮೊದಲು,
ಮೇಲಿನ ಮಂಚದಲ್ಲಿ ತಲೆ ತಗ್ಗಿಸಿ ಕೂತು
ಒಂದೊಂದಕ್ಕೂ ಕೀಲಿ ಕೊಡುತ್ತೇನೆ.
ಮೂವತ್ತು ಸುತ್ತು, ಅಷ್ಟೇ.
ಮೀರಿದರೆ ಅಗ್ಗದ ಸುರುಳಿ ಟಕ್ಕೆಂದು ಕೈಬಿಡುತ್ತದೆ;
ಎರಡು ಹಾಗೇ ಹೋದವು.

ಕರಾಮದ ಹಿಂಗಲ್ಲಿಯಲ್ಲಿ ಷಟರ್ ಅರ್ಧ ಇಳಿಸಿ
ಕಪಾಟಿನ ಹಿಂದಿನ ಕಪಾಟು ತೆರೆಯುವ ಹುಡುಗ
ಒಂದನೇ ನಂಬರು ನಕಲು ಅನ್ನುತ್ತಾನೆ.
ನಕಲಿಯಲ್ಲೂ ಮೇಲುಕೀಳುಂಟು:
ಮೂರನೇ ನಂಬರಿನದು ಪಾಪ,
ತನ್ನ ಹೆಸರನ್ನೇ ಕಾಗುಣಿತ ತಪ್ಪಿ ಬರೆದುಕೊಂಡಿರುತ್ತದೆ.
ಅವನ ಮಾತು ಅವನಿಗಿರಲಿ. ನಾನು ತೂಗುತ್ತೇನೆ.
ಹದಿನಾಲ್ಕು ವರ್ಷ ಲಿಫ್ಟು ರಿಪೇರಿ ಮಾಡಿದ ಕೈ,
ಉಕ್ಕಿನ ಹಗ್ಗ ಮುಟ್ಟಿದರೆ ಆಚೆ ತುದಿಯ ಭಾರ ಹೇಳುತ್ತದೆ.
ಟೊಳ್ಳು ಪಟ್ಟಿಯಾದರೆ ಗಲಗಲ ಸದ್ದು,
ಮದುವೆಮನೆಯ ಬಾಡಿಗೆ ಪಾತ್ರೆಯ ಹಾಗೆ.
ಕಿವಿಗೆ ಹಿಡಿದು ಅಲುಗಿಸಿದರೆ
ಒಳಗಿನ ಅರ್ಧಚಂದ್ರ ಮರಳಲ್ಲಿ ಗಾಲಿ ಉರುಳಿದಂತೆ ಕೇಳಬಾರದು.
ದೀಪ ಆರಿಸಿದ ಮೇಲೆ ಅಂಕಿಗಳ ಹಸಿರು
ಒಂದು ಸಿಗರೇಟು ಮುಗಿಯುವ ತನಕವಾದರೂ ಇರಬೇಕು.

ಆಗಸ್ಟಿನಲ್ಲಿ, ತಾರಸಿಯ ಮೆಷಿನ್ ರೂಮಿನಲ್ಲಿ,
ಬೆವರು ಬಂಗಾರವನ್ನು ತಿನ್ನುತ್ತದೆ.
ಮೊದಲು ಮಣಿಕಟ್ಟಿನ ಮೂಳೆ ಉಜ್ಜುವ ಕಡೆ,
ಆಮೇಲೆ ಕೊಂಡಿ, ಆಮೇಲೆ ಎಲ್ಲೆಲ್ಲೂ
ಕಾಗೆಬಂಗಾರದ ಕೆಳಗಿನ ಬರೀ ಕಾಗೆ.
ಹಳೆಯ ಬ್ರಷ್ಷು, ಸೋಪಿನ ನೀರು,
ಗೀರಿಗೆ ಟೂತ್‌ಪೇಸ್ಟು, ರಬ್ಬರು ಬಳೆಗೆ ಒಂದು ಚೂರು ಗ್ರೀಸು.
ಶೂ ಪೆಟ್ಟಿಗೆಯ, ತಿನ್ನಬೇಡಿ ಎಂದು ಬರೆದ ಪೊಟ್ಟಣಗಳನ್ನೆಲ್ಲ
ಡಬ್ಬಿಗೆ ಹಾಕಿದ್ದೇನೆ, ತೇವ ಕುಡಿಯಲೆಂದು.

ನಾಯಿಫ್‌ನಲ್ಲಿ ಮೆಟ್ಟಿಲ ಕೆಳಗೆ ಕೂರುವ ಮೊಯ್ದಿನಬ್ಬ
ಕಣ್ಣಿನ ದುರ್ಬೀನು ತೆಗೆಯದೆಯೇ ಹೇಳಿದ:
"ತೊಳೆದು ಎಣ್ಣೆ ಕೊಟ್ಟರೆ ತೊಂಬತ್ತು ದಿರಾಂ ಆಗ್ತದೆ.
ಹೊಸದೇ ಎಪ್ಪತ್ತಕ್ಕೆ ಸಿಗ್ತದಲ್ಲ ಸಿಪ್ರಿಯಾನ್ ಬಾಬು?"
ಕೊಡಿ ಅಂದೆ.
"ಅಸಲಿಯನ್ನು ಐದು ವರ್ಷ ಮರೀಬಹುದು ಮಾರಾಯ್ರೆ,
ಇದನ್ನು ಮಾತ್ರ ದಿನಾ ನೋಡ್ಕೊಳ್ಬೇಕು."
ಬೈದನೋ ಹೊಗಳಿದನೋ, ತಿಳಿಯಲಿಲ್ಲ.

ಒಂದಕ್ಕೆ ನಾಲ್ಕು ಮುಳ್ಳು.
ನಾಲ್ಕನೆಯದು ಊರಿನ ಗಂಟೆ ತೋರಿಸಬೇಕು;
ಇದರಲ್ಲಿ ಅದು ಸ್ವಂತ ಬುದ್ಧಿಯಿಲ್ಲದೆ
ಗಂಟೆಮುಳ್ಳಿನ ಬೆನ್ನಿಗೇ ಅಂಟಿಕೊಂಡು ಬರುತ್ತದೆ.
ಬೇಸರಪಟ್ಟಿದ್ದೆ. ಆಮೇಲೆ ಮೊಯ್ದಿನಬ್ಬ ಹೇಳಿದ್ದು:
ಅಸಲಿಯ ಮುಳ್ಳೂ ಹಾರುವುದು ಪೂರ್ತಿ ಗಂಟೆ ಮಾತ್ರ,
ನಮ್ಮ ಒಂದೂವರೆಯ ಆ ಅರ್ಧ
ಅದಕ್ಕೂ ದಕ್ಕುವುದಿಲ್ಲ.

ಕಳೆದ ತಿಂಗಳು ಮೂವತ್ತೊಂದಕ್ಕೂ ಮೂವತ್ತೆರಡಕ್ಕೂ ನಡುವೆ
ಲಿಫ್ಟು ನಿಂತಿತು. ಒಳಗೆ ನಾನು, ಕಟ್ಟಡದ ಯಜಮಾನ.
ಅವನ ಫೋನು ಕೆಳಗೆ ಡ್ರೈವರನ ಕೈಯಲ್ಲಿ.
ಮಣಿಕಟ್ಟು ನೋಡಿಕೊಂಡ, ತಟ್ಟಿದ:
ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಯಾವತ್ತೋ ನಿಂತುಹೋಗಿತ್ತು.
ನಾಲ್ಕೈದು ದಿನ ಕಟ್ಟಿಕೊಂಡಿರಲಿಲ್ಲ, ಇಂಥವು ಹತ್ತಾರಿವೆಯಂತೆ.
"ಟೈಮ್ ಕಿತ್ನಾ?"
ಅದೇ ಹಸಿರು ಮುಖ, ಅದೇ ಕಿರೀಟ, ನನ್ನ ಕೈಯಲ್ಲಿ.
ತೋಳು ಎಳೆದುಕೊಳ್ಳುವಷ್ಟರಲ್ಲಿ ಅವನು ಕಂಡುಬಿಟ್ಟ.
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ ನನ್ನದು.
ಮೂರು ದಿನದ ಹನ್ನೆರಡು ಕೂಡಿಸಿ ಹೇಳಿದೆ.
ಅವನು ನನ್ನ ಲೆಕ್ಕಕ್ಕೆ ತನ್ನದನ್ನು ತಿರುಗಿಸಿಕೊಂಡ,
ಕಣ್ಣು ಮುಚ್ಚಿ ಗೋಡೆಗೊರಗಿದ.
ಅದರ ಸದ್ದು ನನಗೆ ಕೇಳಲೇ ಇಲ್ಲ, ಅಷ್ಟು ನಯ.
ನನ್ನದು ಕೇಳುತ್ತಿತ್ತು.

ಕೀಲಿ ಕೊಟ್ಟ ರಾತ್ರಿ ನಿದ್ದೆ ತಡ.
ಡಬ್ಬಿಯಲ್ಲಿ ಮಧ್ಯರಾತ್ರಿ ಬಿಡಿಬಿಡಿಯಾಗಿ ಆಗುತ್ತದೆ:
ಹನ್ನೊಂದೂ ನಲವತ್ತಕ್ಕೇ ಅವಸರದ್ದೊಂದು ಟಕ್,
ಹನ್ನೆರಡೂ ಹತ್ತು, ಹನ್ನೆರಡೂವರೆ,
ಕೊನೆಯದು ಎರಡೂ ಇಪ್ಪತ್ತಕ್ಕೆ,
ತಾರೀಖು ಅರ್ಧ ಮಗುಚಿ ಸಿಕ್ಕಿಕೊಂಡು, ಆಮೇಲೆ.
ಕೆಳಗಿನ ಮಂಚದಿಂದ ಕೊಪ್ಪಳದ ಯಂಕೋಬ:
"ಡಬ್ಬ್ಯಾಗ ಇಲಿ ಹೊಕ್ಕಾವೇನ್ರಿ?"
ಇಲ್ಲ ಮಾರಾಯ, ಮಲಗು.
ಇನ್ನು ಒಂದೇ ಬಾಕಿ.